ಗಿಟಾರಿನ ಪಿಕಪ್ ಸ್ವಿಚ್ ಬದಲಾಯಿಸುವುದು ಹೇಗೆ: ಚಿತ್ರಕ್ಕಿಂತ ಮೊದಲು ಮೀಟರ್

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಭಾಗ ಪಿಕಪ್; ಯಾವ ಪಿಕಪ್ ಕೇಳಬೇಕು ಅನ್ನುವುದನ್ನು ಆರಿಸುವ ಸ್ವಿಚ್ ಕೈಕೊಟ್ಟಾಗ ಎಲ್ಲರೂ ಮೊದಲು ಹುಡುಕುವುದು ವೈರಿಂಗ್ ಚಿತ್ರ. ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಆದರೆ ಚಿತ್ರದಲ್ಲಿರುವ ಸ್ವಿಚ್ಚೇ ಬೇರೆ, ನಿಮ್ಮ ಕೈಯಲ್ಲಿರುವುದೇ ಬೇರೆ. ಕಾಲುಗಳ (ವೈರ್ ಬೆಸೆಯುವ ಲೋಹದ ತುದಿಗಳ) ಲೆಕ್ಕ ಒಂದೇ ಇದ್ದರೂ ಅವುಗಳ ಸಾಲು ಅದಲು ಬದಲಾಗಿರುತ್ತದೆ. ಚಿತ್ರದಲ್ಲಿ ಇದ್ದ ಹಾಗೇ ಅಚ್ಚುಕಟ್ಟಾಗಿ ಬೆಸೆದು, ಗಿಟಾರ್ ಮುಚ್ಚಿ, ತಂತಿ ಹಾಕಿ, ಶ್ರುತಿ ಮಾಡಿ ನುಡಿಸಿದರೆ ನೆಕ್ (ಗಿಟಾರಿನ ಕುತ್ತಿಗೆಯ ಕಡೆಯ ಪಿಕಪ್) ಕೇಳಬೇಕಾದ ಕಡೆ ಬ್ರಿಡ್ಜ್ (ತಂತಿ ಕೂರುವ ಲೋಹದ ಸೇತುವೆಯ ಕಡೆಯದು) ಕೇಳುತ್ತದೆ. ಮತ್ತೆ ಎಲ್ಲ ಬಿಚ್ಚಬೇಕು.

ಕೈಯಲ್ಲಿ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಈ ಕಷ್ಟವೇ ಇಲ್ಲ. ಸ್ವಿಚ್ಚಿನ ಯಾವ ಕಾಲು ಯಾವುದಕ್ಕೆ ಅನ್ನುವುದನ್ನು ಸ್ವಿಚ್ಚೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನದ ಮುಖ್ಯ ವಿಷಯ. ಬೆಸುಗೆ ಹಾಕುವುದು ಅಭ್ಯಾಸದಿಂದ ಬರುತ್ತದೆ. ಅಳೆದು ನೋಡುವ ಬುದ್ಧಿ ಮೊದಲ ದಿನದಿಂದಲೇ ಇರಬೇಕು.

ಉದಾಹರಣೆಗೆ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಗಿಟಾರ್ ತೆಗೆದುಕೊಳ್ಳೋಣ. ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್, ಐದು ಸ್ಥಾನದ ಸ್ವಿಚ್. ಹೊಸದಾಗಿ ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಇದೇ ಮಾದರಿ, ಯಾವ ಕಂಪನಿಯದೇ ಆಗಿರಲಿ.

ಐದು ಸ್ಥಾನ, ಆದರೆ ಸಂಪರ್ಕ ಮೂರೇ

ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಹೊರತಂದಾಗ ಅದರಲ್ಲಿದ್ದದ್ದು ಮೂರು ಸ್ಥಾನದ ಸ್ವಿಚ್. ಬ್ರಿಡ್ಜ್, ಮಿಡಲ್, ನೆಕ್, ಅಷ್ಟೇ. ಆದರೆ ನುಡಿಸುವವರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಹುಷಾರಾಗಿ ನಿಲ್ಲಿಸಿದರೆ ಎರಡು ಪಿಕಪ್ ಒಟ್ಟಿಗೆ ಕೇಳುತ್ತವೆ ಅನ್ನುವುದನ್ನು ಕಂಡುಕೊಂಡರು. ತೆಳುವಾದ, ಗಾಜಿನ ಹಾಗೆ ಹೊಳೆಯುವ ಆ ಸ್ವರ ಜನರಿಗೆ ಎಷ್ಟು ಹಿಡಿಸಿತೆಂದರೆ, ಕೊನೆಗೆ 1977ರಲ್ಲಿ ಫೆಂಡರ್ ಕಾರ್ಖಾನೆಯಿಂದಲೇ ಐದು ಸ್ಥಾನದ ಸ್ವಿಚ್ ಹಾಕಿ ಕಳಿಸಲು ಶುರು ಮಾಡಿತು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಇವತ್ತಿನ ಐದು ಸ್ಥಾನದ ಸ್ವಿಚ್ಚಿನ ಒಳಗೂ ಇರುವುದು ಅದೇ ಮೂರು ಸಂಪರ್ಕ. ಜಾಸ್ತಿಯಾಗಿರುವುದು ಲಿವರ್ ನಿಲ್ಲುವ ಎರಡು ಗುಳಿ ಮಾತ್ರ. ಬ್ರಿಡ್ಜ್ ಕಡೆಯಿಂದ ಎಣಿಸಿದರೆ 2ನೇ ಮತ್ತು 4ನೇ ಸ್ಥಾನದಲ್ಲಿ ಒಳಗಿನ ಲೋಹದ ನಾಲಿಗೆ ಎರಡು ಮೆಟ್ಟಿಲ ಮೇಲೆ ಒಂದೊಂದು ಕಾಲಿಟ್ಟು ನಿಂತ ಹಾಗೆ ಪಕ್ಕದ ಎರಡೂ ಸಂಪರ್ಕಗಳನ್ನು ಮುಟ್ಟುತ್ತದೆ. ಹಾಗಾಗಿ ಐದು ಸ್ಥಾನಕ್ಕೆ ಐದು ವೈರ್ ಹುಡುಕಬೇಡಿ. ಮೂರು ಪಿಕಪ್ಪಿಗೆ ಮೂರು ಕಾಲು, ಎಲ್ಲವೂ ಬಂದು ಸೇರುವ ಒಂದು ಕಾಮನ್ ಕಾಲು, ಒಟ್ಟು ನಾಲ್ಕು. ಇಂಥದೇ ನಾಲ್ಕರ ಇನ್ನೊಂದು ಗುಂಪು ಅದೇ ಸ್ವಿಚ್ಚಿನಲ್ಲಿ ಇರುತ್ತದೆ. ಎಲ್ಲ ಸೇರಿ 8 ಕಾಲು. ಮೊದಲ ಗುಂಪು ಪಿಕಪ್ ಆರಿಸುತ್ತದೆ. ಎರಡನೆಯದು ಯಾವ ಪಿಕಪ್ಪಿಗೆ ಯಾವ ಟೋನ್ ಅನ್ನುವುದನ್ನು ಆರಿಸುತ್ತದೆ. ಎರಡೂ ಒಟ್ಟಿಗೆ ತಿರುಗುತ್ತವೆ, ಆದರೆ ಅವುಗಳ ನಡುವೆ ಒಳಗೆ ಯಾವ ಸಂಪರ್ಕವೂ ಇಲ್ಲ.

ಮಾರುಕಟ್ಟೆಯಲ್ಲಿ ಎರಡು ರೂಪದ ಸ್ವಿಚ್ ಸಿಗುತ್ತವೆ. ಒಂದು ತೆರೆದ ಮೈಯದು: ಸ್ಪ್ರಿಂಗ್, ನಾಲಿಗೆ ಎಲ್ಲ ಕಣ್ಣಿಗೆ ಕಾಣುತ್ತವೆ, ದುಂಡನೆಯ ಹಾಳೆಯ ಎರಡು ಮಗ್ಗುಲಲ್ಲಿ ನಾಲ್ಕು ನಾಲ್ಕು ಕಾಲು. ಇನ್ನೊಂದು ಡಬ್ಬಿಯಂತೆ ಮುಚ್ಚಿರುವುದು: ಎಂಟು ಕಾಲೂ ಒಂದೇ ಸಾಲಿನಲ್ಲಿ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇರುವುದು ಬಹುಪಾಲು ಈ ಎರಡನೆಯದೇ. ತೆರೆದ ಮೈಯದು ಹೆಚ್ಚು ಬಾಳಿಕೆ ಬರುತ್ತದೆ, ಧೂಳು ಕೂತರೆ ಒರೆಸಬಹುದು. ಆದರೆ ಅದು ದಪ್ಪ ಮತ್ತು ಆಳ. ನಿಮ್ಮ ಗಿಟಾರಿನ ಮರದಲ್ಲಿ ಕೊರೆದ ಗುಂಡಿ ಅಷ್ಟು ಆಳ ಇಲ್ಲದಿದ್ದರೆ ಪಿಕ್‌ಗಾರ್ಡ್ (ಪಿಕಪ್, ಸ್ವಿಚ್ ಎಲ್ಲ ಕೂರಿಸಿರುವ ಮುಂಬದಿಯ ಹಲಗೆ) ಕೂರುವುದೇ ಇಲ್ಲ. ಕೊಳ್ಳುವ ಮೊದಲು ಗುಂಡಿಯ ಆಳ, ಸ್ಕ್ರೂ ತೂತುಗಳ ನಡುವಿನ ಅಂತರ, ಲಿವರಿನ ತುದಿಯ ದಪ್ಪ ಈ ಮೂರನ್ನೂ ಅಳೆದುಕೊಳ್ಳಿ. ಲಿವರಿನ ಪ್ಲಾಸ್ಟಿಕ್ ಟೋಪಿ ಒಂದು ಸ್ವಿಚ್ಚಿನದು ಇನ್ನೊಂದಕ್ಕೆ ಕೂರದೇ ಇರಬಹುದು, ಸ್ಕ್ರೂವಿನ ಮರೆಯೂ (ಥ್ರೆಡ್) ಅಷ್ಟೇ. ಸ್ವಿಚ್ ಜೊತೆಗೇ ಅದರ ಸ್ಕ್ರೂ, ಟೋಪಿ ತೆಗೆದುಕೊಂಡರೆ ತಲೆನೋವಿಲ್ಲ.

24 ಕಾಲಿನ ಸೂಪರ್ ಸ್ವಿಚ್ ಅಂತ ಇನ್ನೊಂದು ಇದೆ. ಅದರ ಲೆಕ್ಕವೇ ಬೇರೆ. ಮಾಮೂಲಿ ವೈರಿಂಗಿಗೆ ಅದು ಬೇಕಾಗಿಲ್ಲ.

ನಿಜವಾಗಿ ಬದಲಾಯಿಸಬೇಕಾ?

ಸ್ವಿಚ್ ಆಡಿಸಿದಾಗ ಕರಕರ ಸದ್ದು, ಒಂದು ಸ್ಥಾನದಲ್ಲಿ ಸ್ವರ ಬಂದು ಹೋಗಿ ಆಗುವುದು: ಇದಕ್ಕೆ ಬಹಳ ಸಲ ಕಾರಣ ಕೊಳೆ, ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ, ಲಿವರನ್ನು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ಆಡಿಸಿ. ಕಿಟಕಿ, ಬಾಗಿಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಅದರ ಜಿಡ್ಡು ಉಳಿದು ಧೂಳನ್ನು ಇನ್ನೂ ಹಿಡಿದುಕೊಳ್ಳುತ್ತದೆ. ಕ್ಲೀನರ್ ಹಾಕಿದ ಮೇಲೂ ಒಂದು ಪಿಕಪ್ ಬರದಿದ್ದರೆ, ಲಿವರ್ ಗುಳಿಯಲ್ಲಿ ನಿಲ್ಲದೆ ಜಾರುತ್ತಿದ್ದರೆ, ಆಗ ಹೊಸದು ಹಾಕುವುದೇ ಸರಿ.

ಬೇಕಾಗುವ ಸಾಮಾನು

ಸ್ವಿಚ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಯಾವ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಬೆಂಗಳೂರಿನಲ್ಲಿ ಇರುವವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಎರಡು ಜಾಗಗಳ ನಡುವೆ ಸಂಪರ್ಕ ಇದ್ದರೆ ಬೀಪ್ ಸದ್ದು ಮಾಡುವ ಕಂಟಿನ್ಯುಟಿ ಮೋಡ್ ಇರುವ ಮಲ್ಟಿಮೀಟರ್. 60/40 ಸೋಲ್ಡರಿಂಗ್ ಲೆಡ್ (60 ಭಾಗ ತವರ, 40 ಭಾಗ ಸೀಸ ಇರುವ ಬೆಸುಗೆ ಲೋಹ), ಒಳಗೇ ರಾಳದ ಫ್ಲಕ್ಸ್ ಇರುವಂಥದು, 0.8 ಮಿ.ಮೀ. ದಪ್ಪ ಆದರೆ ಅನುಕೂಲ. ಹಳೆ ಬೆಸುಗೆ ತೆಗೆಯಲು ಡಿಸೋಲ್ಡರಿಂಗ್ ಪಂಪ್. ವೈರ್ ಕತ್ತರಿಸುವ, ಸುಲಿಯುವ ಕಟರ್. ಸಣ್ಣ ನೋಸ್ ಪ್ಲೈಯರ್. ಮಾಸ್ಕಿಂಗ್ ಟೇಪ್.

ಸೋಲ್ಡರಿಂಗ್ ಐರನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 25 ವ್ಯಾಟಿನದು. ಸ್ವಿಚ್ಚಿನ ಕಾಲುಗಳಿಗೆ ಅದು ಸಾಕು. ಆದರೆ ಗ್ರೌಂಡ್ ವೈರುಗಳನ್ನು (ಸಿಗ್ನಲ್ ಮರಳುವ ದಾರಿಯವು) ಪಾಟಿನ (ವಾಲ್ಯೂಮ್, ಟೋನ್ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಭಾಗ) ಬೆನ್ನಿಗೆ ಬೆಸೆಯಬೇಕಾದಾಗ ಅದು ಸೋಲುತ್ತದೆ. ಪಾಟಿನ ಲೋಹದ ಟೋಪಿ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಲೆಡ್ ಕರಗಿ ಹರಡುವ ಬದಲು ಉಂಡೆ ಕಟ್ಟಿ ಕೂರುತ್ತದೆ. ಜನ ಆಗ ಐರನ್ನನ್ನು ಅಲ್ಲೇ ಒತ್ತಿ ಹಿಡಿದು ಕಾಯುತ್ತಾರೆ, ಅಷ್ಟರಲ್ಲಿ ಪಾಟಿನ ಒಳಗಿನ ಕಾರ್ಬನ್ ಪಟ್ಟಿಗೆ ಬಿಸಿ ತಾಗಿ ಅದು ಹಾಳಾಗುತ್ತದೆ. ಕಡಿಮೆ ಬಿಸಿಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದಕ್ಕಿಂತ ಜಾಸ್ತಿ ಬಿಸಿಯಲ್ಲಿ ಎರಡು ಮೂರು ಸೆಕೆಂಡ್ ಹಿಡಿಯುವುದು ಒಳ್ಳೆಯದು. 40 ವ್ಯಾಟ್ ಅಥವಾ ಅದಕ್ಕಿಂತ ಮೇಲಿನದು, ಅಗಲ ತುದಿಯದು ಸಿಕ್ಕರೆ ತೆಗೆದುಕೊಳ್ಳಿ. ಬಿಸಿ ಹೊಂದಿಸುವ ಸ್ಟೇಷನ್ ಇದ್ದರೆ 350 ಡಿಗ್ರಿ ಆಸುಪಾಸಿನಲ್ಲಿ ಇಡಿ.

ಈ ಲೆಡ್ಡಿನಲ್ಲಿ ಸೀಸ ಇದೆ. ಕೆಲಸ ಮಾಡುವಾಗ ಕಿಟಕಿ ತೆಗೆದಿಡಿ, ಪಕ್ಕದಲ್ಲಿ ತಿಂಡಿ ಕಾಫಿ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಿ ಉದುರಿದ ಲೆಡ್ ಚೂರುಗಳನ್ನು ಗುಡಿಸಿ ತೆಗೆಯಲೇಬೇಕು.

ಬಿಚ್ಚುವ ಮೊದಲು ಅಳೆಯಿರಿ

ಮೊದಲ ಅಳತೆ ಗಿಟಾರ್ ಬಿಚ್ಚುವುದಕ್ಕಿಂತ ಮುಂಚೆಯೇ. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಹಾಕದೆ ಕೈಯಲ್ಲಿಟ್ಟುಕೊಳ್ಳಿ. ವಾಲ್ಯೂಮ್, ಟೋನ್ ಎಲ್ಲ 10ಕ್ಕೆ ತಿರುಗಿಸಿ. ಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಕೈಯಲ್ಲಿರುವ ಪ್ಲಗ್ಗಿನ ತುದಿಗೆ, ಇನ್ನೊಂದನ್ನು ಅದರ ಬುಡದ ಉದ್ದ ಭಾಗಕ್ಕೆ ಹಿಡಿಯಿರಿ. ಕಡ್ಡಿಗಳ ಲೋಹಕ್ಕೆ ಬೆರಳು ತಾಗಬಾರದು.

ಈಗ ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ತಂದು ಓದಿ. ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್ ಪಿಕಪ್ ಸಾಮಾನ್ಯವಾಗಿ 5.5ರಿಂದ 7 ಕಿಲೋ ಓಮ್ ಇರುತ್ತದೆ. 1, 3, 5ನೇ ಸ್ಥಾನದಲ್ಲಿ ಆ ಅಂಕಿ ಕಾಣಬೇಕು. 2 ಮತ್ತು 4ರಲ್ಲಿ ಎರಡು ಪಿಕಪ್ ಪ್ಯಾರಲಲ್ ಆಗಿರುವುದರಿಂದ ಸುಮಾರು ಅರ್ಧ, 3 ಕಿಲೋ ಓಮ್ ಹತ್ತಿರ. ಐದೂ ಅಂಕಿಗಳನ್ನು ಬರೆದಿಡಿ.

ಇದರಿಂದಲೇ ಅರ್ಧ ರೋಗ ಗೊತ್ತಾಗುತ್ತದೆ. ಒಂದು ಸ್ಥಾನದಲ್ಲಿ ಮೀಟರ್ 20 ಕಿಲೋ ದಾಟಿ ಹೋಯಿತಾ? ಮೀಟರನ್ನು ದೊಡ್ಡ ರೇಂಜಿಗೆ ಹಾಕಿ. 250 ಕಿಲೋ ಹತ್ತಿರ ತೋರಿಸಿದರೆ ನೀವು ಓದುತ್ತಿರುವುದು ಬರೀ ವಾಲ್ಯೂಮ್ ಪಾಟನ್ನು, ಪಿಕಪ್ ಅಲ್ಲಿಗೆ ತಲುಪಿಲ್ಲ. ಅಂದರೆ ಸ್ವಿಚ್ ಕೆಟ್ಟಿದೆ, ಇಲ್ಲವೇ ಪಿಕಪ್ಪಿನ ವೈರ್ ಬಿಟ್ಟಿದೆ. ಸೊನ್ನೆ ತೋರಿಸಿದರೆ ಎಲ್ಲೋ ಹಾಟ್ ವೈರ್ (ಪಿಕಪ್ಪಿನ ಸಿಗ್ನಲ್ ತರುವುದು) ಗ್ರೌಂಡಿಗೆ ತಾಗುತ್ತಿದೆ. ಆಗ ಸ್ವಿಚ್ ಬದಲಾಯಿಸಿದರೂ ಪ್ರಯೋಜನ ಇಲ್ಲ, ತಾಗಿರುವ ಜಾಗ ಹುಡುಕಬೇಕು.

ಆಮೇಲೆ ತಂತಿಗಳನ್ನು ಸಡಿಲಿಸಿ ತೆಗೆಯಿರಿ, ಪಿಕ್‌ಗಾರ್ಡಿನ ಸ್ಕ್ರೂ ಬಿಚ್ಚಿ. ಈಗಿನ ಸ್ಟ್ರಾಟ್‌ಗಳಲ್ಲಿ ಸಾಮಾನ್ಯವಾಗಿ 11 ಸ್ಕ್ರೂ. ಪಿಕ್‌ಗಾರ್ಡ್ ಎತ್ತುವಾಗ ಎಳೆಯಬೇಡಿ. ಜ್ಯಾಕಿಗೆ (ಗಿಟಾರಿನಲ್ಲಿ ಕೇಬಲ್ ಚುಚ್ಚುವ ಜಾಗ) ಹೋಗುವ ಎರಡು ವೈರ್, ಹಿಂಬದಿಯ ಸ್ಪ್ರಿಂಗ್ ಹಿಡಿದಿರುವ ಲೋಹದ ಪಟ್ಟಿಗೆ ಹೋಗುವ ಒಂದು ಗ್ರೌಂಡ್ ವೈರ್ ಇನ್ನೂ ಅಂಟಿಕೊಂಡಿರುತ್ತವೆ. ಪಿಕ್‌ಗಾರ್ಡನ್ನು ಮೆಲ್ಲಗೆ ಮಗುಚಿ ಗಿಟಾರಿನ ಮೇಲೆ ಬಟ್ಟೆ ಹಾಸಿ ಇಡಿ. ಲೆಡ್ ಹನಿ ಬಿದ್ದರೆ ಗಿಟಾರಿನ ಬಣ್ಣದ ಮೇಲೆ ಕಲೆ ಆಗುತ್ತದೆ, ಆ ಬಟ್ಟೆ ಅದಕ್ಕೂ ಬೇಕು.

ಫೋಟೋ ತೆಗೆಯಿರಿ, ಮೂರು ನಾಲ್ಕು ಕೋನದಿಂದ. ಮತ್ತೆ ಪ್ರತಿ ವೈರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ‘ನೆಕ್’, ‘ಮಿಡಲ್’, ‘ಬ್ರಿಡ್ಜ್’, ‘ಟೋನ್ 1’, ‘ಟೋನ್ 2’, ‘ವಾಲ್ಯೂಮ್’ ಅಂತ ಬರೆಯಿರಿ. ವೈರಿನ ಬಣ್ಣ ನಂಬಬೇಡಿ. ಒಂದು ಕಂಪನಿಯಲ್ಲಿ ಬಿಳಿ ಹಾಟ್, ಇನ್ನೊಂದರಲ್ಲಿ ಹಳದಿ. ಒಂದೇ ಗಿಟಾರಿನ ಮೂರು ಪಿಕಪ್ಪಿಗೂ ಒಂದೇ ಬಣ್ಣದ ವೈರ್ ಇರುವುದೂ ಉಂಟು. ಹಾಗಾಗಿ ಪಿಕಪ್ಪಿನಿಂದ ಬೆರಳಲ್ಲಿ ಹಿಡಿದುಕೊಂಡು ಬಂದು, ಅದೇ ವೈರ್ ಅಂತ ಖಾತ್ರಿ ಮಾಡಿಕೊಂಡು ಚೀಟಿ ಅಂಟಿಸಿ.

ಸ್ವಿಚ್ಚನ್ನು ಓದುವುದು

ಇಲ್ಲಿ ಅವಸರ ಬೇಡ. ಒಂದು ಹಾಳೆಯಲ್ಲಿ ಹೊಸ ಸ್ವಿಚ್ಚಿನ ಎಂಟು ಕಾಲನ್ನು ಇದ್ದ ಹಾಗೇ ಬರೆದು 1ರಿಂದ 8 ನಂಬರ್ ಹಾಕಿ. ಮೀಟರನ್ನು ಕಂಟಿನ್ಯುಟಿಗೆ ಇಡಿ.

ಲಿವರನ್ನು ಒಂದು ತುದಿಗೆ ತಳ್ಳಿ. ಒಂದು ಕಡ್ಡಿಯನ್ನು 1ನೇ ಕಾಲಿಗೆ ಇಟ್ಟು ಇನ್ನೊಂದನ್ನು ಉಳಿದ ಏಳಕ್ಕೂ ಮುಟ್ಟಿಸಿ. ಬೀಪ್ ಬಂದರೆ ಆ ಜೋಡಿ ಬರೆದುಕೊಳ್ಳಿ. ಆಮೇಲೆ 2ನೇ ಕಾಲು, 3ನೆಯದು, ಹೀಗೆ. ತುದಿಯ ಸ್ಥಾನದಲ್ಲಿ ಸರಿಯಾಗಿ ಎರಡೇ ಜೋಡಿ ಸಿಗುತ್ತವೆ, ಗುಂಪಿಗೊಂದು. ಈಗ ಲಿವರನ್ನು ಇನ್ನೊಂದು ತುದಿಗೆ ತಂದು ಮತ್ತೆ ಹುಡುಕಿ. ಮತ್ತೆ ಎರಡು ಜೋಡಿ. ಎರಡೂ ಸಲ ಬಂದ ಕಾಲು ಯಾವುದೋ ಅದೇ ಆ ಗುಂಪಿನ ಕಾಮನ್. ಲಿವರ್ ಎಲ್ಲಿದ್ದರೂ ಅದು ಯಾವುದಾದರೂ ಒಂದರ ಜೊತೆ ಇರಲೇಬೇಕಲ್ವಾ?

ಒಂದು ಉದಾಹರಣೆ. ಈ ತುದಿಯಲ್ಲಿ 1-2 ಮತ್ತು 7-8 ಬೀಪ್ ಆಯಿತು. ಆ ತುದಿಯಲ್ಲಿ 1-4 ಮತ್ತು 5-8. ಹಾಗಾದರೆ 1 ಮತ್ತು 8 ಕಾಮನ್. ಉಳಿದ 3 ಮತ್ತು 6 ಮಿಡಲ್ಲಿನವು; ಲಿವರನ್ನು ನಡುವೆ ನಿಲ್ಲಿಸಿ ನೋಡಿ, 1-3 ಮತ್ತು 6-8 ಬೀಪ್ ಆಗುತ್ತವೆ. ಬೇರೆ ತಯಾರಿಕೆಯ ಸ್ವಿಚ್ಚಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಕಾಮನ್ ಕಾಲುಗಳು ತುದಿಯ ಬದಲು ನಡುವೆ ಬರಬಹುದು. ಅದಕ್ಕೇ ಚಿತ್ರ ನಂಬಿ ಮೋಸ ಹೋಗುವುದು.

ಬ್ರಿಡ್ಜ್ ಯಾವುದು, ನೆಕ್ ಯಾವುದು? ಅದನ್ನು ಊಹಿಸಬೇಡಿ. ಲಿವರ್ ನಡುವಿನ ಒಂದು ಕೀಲಿನ ಮೇಲೆ ಆಡುವುದರಿಂದ ಮೇಲ್ಗಡೆ ಅದು ವಾಲಿದ ದಿಕ್ಕಿಗೂ ಒಳಗೆ ನಾಲಿಗೆ ಹೋಗುವ ದಿಕ್ಕಿಗೂ ತಾಳೆ ಆಗದಿರಬಹುದು. ಹಳೆ ಸ್ವಿಚ್ಚಿನ ವೈರುಗಳನ್ನು ಬಿಡಿಸಿ ಅದನ್ನು ತೆಗೆದು, ಹೊಸ ಸ್ವಿಚ್ಚನ್ನು ಪಿಕ್‌ಗಾರ್ಡಿಗೆ ಸ್ಕ್ರೂ ಹಾಕಿ ಕೂರಿಸಿ. ಕಾಲುಗಳು ಗುಂಡಿಯ ಮರಕ್ಕೆ, ಒಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ಅದಕ್ಕೆ, ತಾಗದ ಹಾಗೆ ಮುಖ ಮಾಡಿ ಕೂರಿಸಿ. ಈಗ ಲಿವರನ್ನು ಬ್ರಿಡ್ಜ್ ಕಡೆಗೆ ವಾಲಿಸಿ ಬೀಪ್ ನೋಡಿ. ಆಗ ಕಾಮನ್ ಜೊತೆ ಕೂಗುವ ಕಾಲೇ ಬ್ರಿಡ್ಜ್. ಎರಡೂ ಗುಂಪಿಗೆ ಹೀಗೆ ನೋಡಿ ಹಾಳೆಯ ಮೇಲೆ ಹೆಸರು ಬರೆಯಿರಿ.

ಕೊನೆಗೆ 2 ಮತ್ತು 4ನೇ ಸ್ಥಾನ ನೋಡಿ. ಅಲ್ಲಿ ಕಾಮನ್ ಜೊತೆ ಎರಡು ಕಾಲು ಒಟ್ಟಿಗೆ ಬೀಪ್ ಆಗಬೇಕು. ಆಗದಿದ್ದರೆ ಆ ಸ್ವಿಚ್ಚನ್ನು ಅಂಗಡಿಗೆ ವಾಪಸ್ ಕೊಡಿ. ಬೆಸುಗೆ ಹಾಕಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಯಾವ ವೈರ್ ಎಲ್ಲಿಗೆ

ಹಾಳೆ ಕೈಯಲ್ಲಿದ್ದರೆ ಉಳಿದದ್ದು ಸುಲಭ. ಮೊದಲ ಗುಂಪಿನ ಮೂರು ಕಾಲಿಗೆ ಮೂರು ಪಿಕಪ್ಪಿನ ಹಾಟ್ ವೈರ್. ಎರಡು ಕಾಮನ್ನುಗಳನ್ನು ಒಂದು ತುಂಡು ವೈರಿನಿಂದ ಒಂದಕ್ಕೊಂದು ಸೇರಿಸಿ. ಅಲ್ಲಿಂದಲೇ ಇನ್ನೊಂದು ವೈರ್ ವಾಲ್ಯೂಮ್ ಪಾಟಿಗೆ. ಎರಡನೇ ಗುಂಪಿನ ನೆಕ್ ಕಾಲಿನಿಂದ ಟೋನ್ 1ಕ್ಕೆ, ಮಿಡಲ್ ಕಾಲಿನಿಂದ ಟೋನ್ 2ಕ್ಕೆ. ಎರಡನೇ ಗುಂಪಿನ ಬ್ರಿಡ್ಜ್ ಕಾಲು ಖಾಲಿ. ಹಳೆ ಪದ್ಧತಿಯಲ್ಲಿ ಬ್ರಿಡ್ಜ್ ಪಿಕಪ್ಪಿಗೆ ಟೋನ್ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಆ ಕಾಲನ್ನು ಖಾಲಿ ಬಿಡಬಾರದು. ಬ್ರಿಡ್ಜ್ ಪಿಕಪ್ಪಿನ ಸ್ವರವೇ ಚುಚ್ಚುವಂಥದು, ಅದಕ್ಕೇ ಟೋನ್ ಎಲ್ಲಕ್ಕಿಂತ ಹೆಚ್ಚು ಬೇಕು. ಎರಡನೇ ಗುಂಪಿನ ಮಿಡಲ್ ಮತ್ತು ಬ್ರಿಡ್ಜ್ ಕಾಲುಗಳ ನಡುವೆ ಒಂದು ಇಂಚಿನ ವೈರ್ ಬೆಸೆದರೆ ಟೋನ್ 2 ಎರಡಕ್ಕೂ ಕೆಲಸ ಮಾಡುತ್ತದೆ. ಇಷ್ಟ ಆಗದಿದ್ದರೆ ಆ ತುಂಡನ್ನು ಕತ್ತರಿಸಿದರಾಯಿತು.

ಪಿಕಪ್ಪುಗಳ ಗ್ರೌಂಡ್ ವೈರ್, ಜ್ಯಾಕಿನ ಗ್ರೌಂಡ್, ಹಿಂಬದಿಯ ಸ್ಪ್ರಿಂಗ್ ಪಟ್ಟಿಯಿಂದ ಬರುವ ವೈರ್ ಎಲ್ಲವೂ ವಾಲ್ಯೂಮ್ ಪಾಟಿನ ಬೆನ್ನಿಗೆ. ಸ್ವಿಚ್ ಮಾತ್ರ ಬದಲಾಯಿಸುತ್ತಿದ್ದರೆ ಇವನ್ನು ಮುಟ್ಟುವ ಕೆಲಸವೇ ಇಲ್ಲ.

ಪಾಟುಗಳನ್ನೂ ಹೊಸದು ಹಾಕುವವರಿಗೆ ಎರಡು ಮಾತು. ಸಿಂಗಲ್ ಕಾಯಿಲ್ಲಿಗೆ 250 ಕಿಲೋ, ಹಂಬಕರಿಗೆ (ಎರಡು ಸುರುಳಿಯ ಪಿಕಪ್) 500 ಕಿಲೋ ರೂಢಿ. ಇಲ್ಲೂ ಮೀಟರ್ ಹೇಳಿದ್ದೇ ಸರಿ. ಪಾಟನ್ನು ಪೂರ್ತಿ ಬಲಕ್ಕೆ ತಿರುಗಿಸಿ, ನಡುವಿನ ಕಾಲಿಗೆ ಒಂದು ಕಡ್ಡಿ ಇಡಿ. ಸೊನ್ನೆ ತೋರಿಸುವ ಪಕ್ಕದ ಕಾಲು ಯಾವುದೋ, ವಾಲ್ಯೂಮ್ ಪಾಟಿನಲ್ಲಿ ಸ್ವಿಚ್ಚಿನಿಂದ ಬರುವ ವೈರ್ ಅದಕ್ಕೆ. ನಡುವಿನದು ಜ್ಯಾಕಿಗೆ. ಇನ್ನೊಂದು ಪಕ್ಕದ ಕಾಲನ್ನು ಬಗ್ಗಿಸಿ ಪಾಟಿನ ಬೆನ್ನಿಗೆ ಬೆಸೆಯಿರಿ. ಟೋನ್ ಪಾಟಿನಲ್ಲಿ ಇದು ತಿರುಗುಮುರುಗು: ಪೂರ್ತಿ ಬಲಕ್ಕೆ ತಿರುಗಿಸಿದಾಗ ನಡುವಿನ ಕಾಲಿನ ಜೊತೆ 250 ಕಿಲೋ ಹತ್ತಿರ ತೋರಿಸುವ ಕಾಲಿಗೆ ಸ್ವಿಚ್ಚಿನ ವೈರ್. ಎರಡೂ ಟೋನ್ ಪಾಟುಗಳ ನಡುವಿನ ಕಾಲುಗಳನ್ನು ಒಂದು ವೈರಿನಿಂದ ಸೇರಿಸಿ, ಅಲ್ಲಿಂದ ಪಾಟಿನ ಬೆನ್ನಿಗೆ ಒಂದೇ ಒಂದು ಕೆಪ್ಯಾಸಿಟರ್. ಆ ಬೆನ್ನಿನಿಂದ ವಾಲ್ಯೂಮ್ ಪಾಟಿನ ಬೆನ್ನಿಗೆ ಒಂದು ಗ್ರೌಂಡ್ ವೈರ್ ಇರಬೇಕು. ಕೆಪ್ಯಾಸಿಟರ್ 0.022 ಮೈಕ್ರೋಫ್ಯಾರಡ್ ಆದರೆ ಮೇಲೆ 223 ಅಂತ ಬರೆದಿರುತ್ತದೆ, 0.047 ಆದರೆ 473. ಎರಡನೆಯದು ಸ್ವರವನ್ನು ಇನ್ನಷ್ಟು ಮಂಕು ಮಾಡುತ್ತದೆ. ಇದಕ್ಕೆ ದುಬಾರಿ ಕೆಪ್ಯಾಸಿಟರ್ ಬೇಕಿಲ್ಲ. ಐದು ಹತ್ತು ರೂಪಾಯಿಯ ಫಿಲ್ಮ್ ಕೆಪ್ಯಾಸಿಟರ್ ಸಾಕು, ಅದಕ್ಕೆ ತಲೆ ಬುಡ ಅಂತಲೂ ಇಲ್ಲ.

ಬೆಸುಗೆ

ವೈರಿನ ತುದಿಯನ್ನು ಅರ್ಧ ಸೆಂ.ಮೀ. ಸುಲಿದು, ಎಳೆಗಳನ್ನು ತಿರುಚಿ, ಅದಕ್ಕೆ ಮೊದಲೇ ಸ್ವಲ್ಪ ಲೆಡ್ ಹಿಡಿಸಿ. ಸ್ವಿಚ್ಚಿನ ಕಾಲಿಗೂ ಹಾಗೇ. ವೈರನ್ನು ಕಾಲಿನ ತೂತಿಗೆ ಪೋಣಿಸಿ ಪ್ಲೈಯರಿನಿಂದ ಬಗ್ಗಿಸಿ, ಬೆಸುಗೆ ಇಲ್ಲದೆಯೂ ಅದು ಅಲ್ಲೇ ನಿಲ್ಲಬೇಕು. ಈಗ ಐರನ್ ತುದಿಯನ್ನು ಕಾಲು ಮತ್ತು ವೈರ್ ಎರಡಕ್ಕೂ ತಾಗುವಂತೆ ಹಿಡಿದು, ಲೆಡ್ಡನ್ನು ಐರನ್ನಿಗಲ್ಲ, ಆ ಜಾಗಕ್ಕೆ ಮುಟ್ಟಿಸಿ. ಬಿಸಿ ಸಾಕಾಗಿದ್ದರೆ ಲೆಡ್ ನೀರಿನ ಹಾಗೆ ಹರಿದು ತೂತಿನೊಳಗೆ ಇಳಿಯುತ್ತದೆ. ಐರನ್ ತೆಗೆದ ಮೇಲೆ ಎರಡು ಮೂರು ಸೆಕೆಂಡ್ ವೈರನ್ನು ಅಲುಗಾಡಿಸಬೇಡಿ. ತಣ್ಣಗಾದ ಬೆಸುಗೆ ಹೊಳೆಯುತ್ತಿರಬೇಕು. ಮಾಸಲಾಗಿ, ಮರಳು ಮರಳಾಗಿ ಕಂಡರೆ ಮತ್ತೊಮ್ಮೆ ಬಿಸಿ ಮುಟ್ಟಿಸಿ.

ಡಬ್ಬಿ ಸ್ವಿಚ್ಚಿನಲ್ಲಿ ಕಾಲುಗಳು ಒತ್ತೊತ್ತಾಗಿರುತ್ತವೆ. ಲೆಡ್ ಜಾಸ್ತಿಯಾದರೆ ಪಕ್ಕದ ಕಾಲಿಗೆ ಸೇತುವೆ ಕಟ್ಟಿಕೊಳ್ಳುತ್ತದೆ. ಬಿಸಿ ಜಾಸ್ತಿಯಾದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಓರೆಯಾಗುತ್ತದೆ. ಒಂದು ಕಾಲು ಮುಗಿಸಿ, ಪಕ್ಕದ್ದಕ್ಕೆ ಹೋಗದೆ, ದೂರದ ಇನ್ನೊಂದನ್ನು ಮಾಡಿ. ಅಷ್ಟರಲ್ಲಿ ಮೊದಲಿನದು ತಣಿದಿರುತ್ತದೆ. ತೆರೆದ ಸ್ವಿಚ್ಚಿನಲ್ಲಿ ಫ್ಲಕ್ಸ್ ಕರಗಿ ನಾಲಿಗೆ ಓಡಾಡುವ ಜಾಗಕ್ಕೆ ಇಳಿಯದಂತೆ ಗಿಟಾರನ್ನು ಸ್ವಲ್ಪ ವಾಲಿಸಿ ಇಡಿ.

ಎರಡು ಮೂರು ವೈರ್ ಸೇರುವ ಕಾಲಿಗೆ ಎಲ್ಲವನ್ನೂ ಪೋಣಿಸಿ ಆದ ಮೇಲೆ ಒಂದೇ ಸಲ ಬೆಸೆಯಿರಿ. ಒಂದೊಂದಾಗಿ ಹಾಕಲು ಹೋದರೆ ಎರಡನೆಯದು ಹಾಕುವಾಗ ಮೊದಲಿನದು ಕಳಚಿಕೊಳ್ಳುತ್ತದೆ.

ಮುಚ್ಚುವ ಮೊದಲು ಮತ್ತೆ ಅಳೆಯಿರಿ

ಪಿಕ್‌ಗಾರ್ಡ್ ಇನ್ನೂ ಮಗುಚಿಯೇ ಇರಲಿ. ಮೊದಲು ಮಾಡಿದ ಹಾಗೇ ಕೇಬಲ್ಲಿನ ತುದಿಯಲ್ಲಿ ಐದೂ ಸ್ಥಾನ ಓದಿ, ಬರೆದಿಟ್ಟ ಅಂಕಿಗಳ ಜೊತೆ ಹೋಲಿಸಿ. ವಾಲ್ಯೂಮ್ ಸೊನ್ನೆಗೆ ತಂದರೆ ಮೀಟರೂ ಸೊನ್ನೆಗೆ ಬರಬೇಕು. ಸ್ಪ್ರಿಂಗ್ ಪಟ್ಟಿ ಮತ್ತು ಜ್ಯಾಕಿನ ಗ್ರೌಂಡ್ ನಡುವೆ ಬೀಪ್ ಬರಬೇಕು. ಇದಿಷ್ಟು ಸರಿ ಇದ್ದರೆ ಆಂಪ್ಲಿಫೈಯರಿಗೆ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಸ್ಕ್ರೂ ಡ್ರೈವರಿನ ತುದಿಯಿಂದ ಪ್ರತಿ ಪಿಕಪ್ಪಿನ ಕಂಬಗಳನ್ನು (ತಂತಿಗಳ ಕೆಳಗೆ ಕಾಣುವ ಲೋಹದ ಗುಂಡು ತುದಿಗಳನ್ನು) ಮೆಲ್ಲಗೆ ತಟ್ಟಿ. ಆನ್ ಇರುವ ಪಿಕಪ್ ಜೋರಾಗಿ ಟಕ್ ಅನ್ನುತ್ತದೆ. ತಂತಿ ಹಾಕದೆಯೇ ಯಾವ ಸ್ಥಾನಕ್ಕೆ ಯಾವ ಪಿಕಪ್ ಅಂತ ಖಚಿತ ಆಗುತ್ತದೆ.

ಪಿಕಪ್ಪನ್ನೂ ಹೊಸದು ಹಾಕಿದ್ದರೆ ಫೇಸ್ (ಪಿಕಪ್ಪುಗಳ ಸಿಗ್ನಲ್ ಒಂದೇ ದಿಕ್ಕಿನಲ್ಲಿದೆಯೇ ಅನ್ನುವುದು) ಒಂದು ನೋಡಬೇಕು. 2 ಅಥವಾ 4ನೇ ಸ್ಥಾನದಲ್ಲಿ ಸ್ವರ ತೀರಾ ಸಣ್ಣಗಾಗಿ, ಕೆಳಗಿನ ಸ್ವರಗಳೇ ಮಾಯವಾಗಿ, ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿದರೆ ಎರಡು ಪಿಕಪ್ ಒಂದಕ್ಕೊಂದು ವಿರುದ್ಧವಾಗಿವೆ ಅಂತ ಅರ್ಥ. ಮೀಟರಿನಲ್ಲೂ ತಿಳಿಯಬಹುದು. ಒಂದೊಂದೇ ಪಿಕಪ್ ಆರಿಸಿ, ಕಂಬಗಳ ಮೇಲೆ ಸ್ಕ್ರೂ ಡ್ರೈವರ್ ಇಟ್ಟು ಸರಕ್ಕನೆ ಎತ್ತಿ. ಓಮ್ ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಹಾರುತ್ತದೆ. ಮುಳ್ಳಿನ ಮೀಟರ್ ಆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂರೂ ಒಂದೇ ಕಡೆಗೆ ಹಾರಬೇಕು. ಒಂದು ಬೇರೆ ಕಡೆ ಹಾರಿದರೆ ಆ ಪಿಕಪ್ಪಿನ ಹಾಟ್, ಗ್ರೌಂಡ್ ಎರಡನ್ನೂ ಅದಲು ಬದಲು ಮಾಡಿ. ಆದರೆ ಪಿಕಪ್ಪಿಗೆ ಲೋಹದ ಕವಚ ಇದ್ದು ಅದು ಗ್ರೌಂಡ್ ವೈರಿಗೇ ಸೇರಿದ್ದರೆ ಸುಮ್ನೆ ಅದಲು ಬದಲು ಮಾಡಬೇಡಿ. ಕವಚದ ಸಂಪರ್ಕವನ್ನು ಮೊದಲು ಬೇರೆ ಮಾಡಿ ಅದಕ್ಕೆ ಪ್ರತ್ಯೇಕ ಗ್ರೌಂಡ್ ಕೊಡಬೇಕು.

ಸಿಂಗಲ್ ಕಾಯಿಲ್ ಗಿಟಾರ್ ಗುಂಯ್ ಅನ್ನುವುದು ಸಹಜ. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಅದರಲ್ಲಿ ಕೇಳುತ್ತದೆ. ಮಿಡಲ್ ಪಿಕಪ್ಪಿನ ಸುತ್ತು ಮತ್ತು ಅಯಸ್ಕಾಂತ ಎರಡನ್ನೂ ತಿರುಗಿಸಿ ಮಾಡಿದ ಸೆಟ್ ನಿಮ್ಮದಾದರೆ 2 ಮತ್ತು 4ನೇ ಸ್ಥಾನದಲ್ಲಿ ಆ ಸದ್ದು ಬಹಳ ತಗ್ಗುತ್ತದೆ. ತಗ್ಗದಿದ್ದರೆ ಅದು ವೈರಿಂಗಿನ ದೋಷವೇ ಆಗಬೇಕಿಲ್ಲ, ಪಿಕಪ್ಪುಗಳು ಆ ಬಗೆಯವಲ್ಲದೆ ಇರಬಹುದು. ತಂತಿ ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ತಂತಿಯ ಗ್ರೌಂಡ್ ಸರಿ ಇದೆ. ಮುಟ್ಟಿದಾಗ ಸದ್ದು ಜಾಸ್ತಿಯಾದರೆ ಜ್ಯಾಕಿನ ಎರಡು ವೈರ್ ಅದಲು ಬದಲಾಗಿವೆಯೇ ನೋಡಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಯಾಟರಿ ಇಲ್ಲದ ಗಿಟಾರಿನೊಳಗೆ ಶಾಕ್ ಹೊಡೆಯುವಂಥದು ಏನೂ ಇಲ್ಲ. ಆದರೆ ನೀವು ಈಗಷ್ಟೇ ನೋಡಿದ ಹಾಗೆ, ತಂತಿ ಬ್ರಿಡ್ಜಿಗೆ, ಬ್ರಿಡ್ಜ್ ಗ್ರೌಂಡಿಗೆ, ಗ್ರೌಂಡ್ ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತದೆ. ಆಂಪ್ಲಿಫೈಯರಿನಲ್ಲಿ ದೋಷ ಬಂದರೆ, ಅದರ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಅರ್ಥಿಂಗ್ ತಪ್ಪಿಸಿದ್ದರೆ, ಆ ಕರೆಂಟ್ ಬರುವುದು ನಿಮ್ಮ ಬೆರಳಿಗೆ. ಇನ್ನೊಂದು ಕಡೆ ತುಟಿಗೆ ಮೈಕ್ ತಾಗಿದರೆ ಮೈಯೊಳಗೇ ದಾರಿ ಸಿಕ್ಕ ಹಾಗಾಯಿತು. ತಂತಿ ಮುಟ್ಟಿದಾಗ ಜುಮ್ ಅಂದರೆ ಗಿಟಾರ್ ಬಿಚ್ಚಬೇಡಿ, ಮೊದಲು ಆಂಪ್ಲಿಫೈಯರ್ ಆಫ್ ಮಾಡಿ ಎಲೆಕ್ಟ್ರೀಷಿಯನ್ ಕರೆಸಿ ಸಾಕೆಟ್ಟಿನ ಅರ್ಥಿಂಗ್ ನೋಡಿಸಿ. ಆಂಪ್ಲಿಫೈಯರನ್ನು ನೀವೇ ಬಿಚ್ಚುವುದಂತೂ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪ್ಯಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಎಲ್ಲ ಸರಿ ಇದ್ದರೆ ವೈರುಗಳನ್ನು ಗುಂಡಿಯೊಳಗೆ ಮಡಿಸಿ ಇಡಿ. ಸ್ವಿಚ್ಚಿನ ನಾಲಿಗೆಗೆ ಯಾವ ವೈರೂ ಅಡ್ಡ ಬರಬಾರದು. ಪಿಕ್‌ಗಾರ್ಡನ್ನು ಕೂರಿಸಿ ನಾಲ್ಕು ಮೂಲೆಯ ಸ್ಕ್ರೂ ಮಾತ್ರ ಹಾಕಿ, ಇನ್ನೊಂದು ಸಲ ಐದೂ ಸ್ಥಾನ ಓದಿ. ಹೊರಗೆ ಸರಿಯಾಗಿದ್ದದ್ದು ಒಳಗೆ ಹೋದ ಮೇಲೆ ಸೊನ್ನೆ ತೋರಿಸಿದರೆ ಯಾವುದೋ ಕಾಲು ತಾಮ್ರದ ಹಾಳೆಗೆ ತಾಗುತ್ತಿದೆ. ಗುಂಡಿಯ ಆ ಗೋಡೆಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಆಮೇಲೆ ಉಳಿದ ಸ್ಕ್ರೂ, ತಂತಿ.

ತಂತಿ ಹಾಕಿ ಶ್ರುತಿ ಮಾಡಿದ ಮೇಲೆ ಪಿಕಪ್ಪಿನ ಎತ್ತರ ಒಂದು ಸಲ ನೋಡಿಬಿಡಿ, ಬಿಚ್ಚಿ ಮುಚ್ಚುವಾಗ ಅದು ಬದಲಾಗಿರುತ್ತದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಕೆಳಭಾಗದಿಂದ ಪಿಕಪ್ಪಿನ ಕಂಬದ ತನಕ ಅಳೆಯಿರಿ. ಮಾಮೂಲಿ ಸಿಂಗಲ್ ಕಾಯಿಲ್ಲಿಗೆ ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ 1.6 ಮಿ.ಮೀ.ಯಿಂದ ಶುರು ಮಾಡಿ, ಕಿವಿಗೆ ಹಿತ ಅನ್ನಿಸುವಷ್ಟು ಇಳಿಸಿ. ಇದಕ್ಕಿಂತ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ನಡುಗುತ್ತದೆ, ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿಯೇ ನಿಲ್ಲುವುದಿಲ್ಲ. ನೆಕ್ ಪಿಕಪ್ಪನ್ನು ಬ್ರಿಡ್ಜಿನದಕ್ಕಿಂತ ತುಸು ಕೆಳಗೆ ಇಟ್ಟರೆ ಸ್ವಿಚ್ ಬದಲಿಸಿದಾಗ ಸದ್ದಿನ ಏರಿಳಿತ ಕಡಿಮೆ ಇರುತ್ತದೆ.